ಬ್ರಿಟನ್‌ನಲ್ಲಿ ಪುಸ್ತಕಗಳ ಬೆನ್ನು ಹತ್ತಿ

ಬ್ರಿಟಿಷ್ ಲೈಬ್ರರಿಯ ಓದುವ ಕೋಣೆಗೆ ಪೆನ್ನು ಒಯ್ಯುವಂತಿಲ್ಲ. ಪೆನ್ಸಿಲ್ ಮಾತ್ರ. ಕೋಟು, ಚೀಲ, ನೀರಿನ ಬಾಟಲಿ ಎಲ್ಲವನ್ನೂ ಕೆಳಗಿನ ಲಾಕರ್‌ನಲ್ಲಿ ಬಿಟ್ಟು, ಬೇಕಾದಷ್ಟನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಒಳಗೆ ಹೋಗಬೇಕು. ಇಷ್ಟು ಗೊತ್ತಿದ್ದರೆ ಲಂಡನ್‌ನ ಮೊದಲ ದಿನ ಅರ್ಧ ಗೆದ್ದ ಹಾಗೆ.

ನಾನೂ ನನ್ನ ಗೆಳತಿಯೂ ಬ್ರಿಟನ್‌ಗೆ ಹೋದದ್ದೇ ಲೈಬ್ರರಿ ಮತ್ತು ಪುಸ್ತಕದಂಗಡಿಗಳಿಗಾಗಿ. ನಮ್ಮ ದಾರಿ ಹೀಗಿತ್ತು: ಲಂಡನ್, ಆಕ್ಸ್‌ಫರ್ಡ್, ಹೆರೆಫರ್ಡ್, ಹೇ-ಆನ್-ವೈ, ಹಾವರ್ಡನ್, ಮ್ಯಾಂಚೆಸ್ಟರ್, ಮತ್ತೆ ಲಂಡನ್. ಎಲ್ಲೂ ಕಾರು ಬೇಕಾಗಲಿಲ್ಲ. ರೈಲು, ಬಸ್ಸು, ಕಾಲ್ನಡಿಗೆ ಸಾಕಾಯಿತು. ಇದೇ ದಾರಿ ಹಿಡಿಯಬೇಕು ಅಂದುಕೊಂಡವರಿಗೆ ಮೊದಲೇ ಒಂದು ಮಾತು ಹೇಳುತ್ತೇನೆ. ಕೆಲವು ಲೈಬ್ರರಿಗಳಲ್ಲಿ ಟಿಕೆಟ್ ತಗೊಂಡು ನೋಡಿ ಹೊರಗೆ ಬರಬೇಕು. ಕೆಲವದರಲ್ಲಿ ಕೂತು ಓದಬಹುದು. ಕೂತು ಓದಬಹುದಾದ ಕಡೆ ಜಾಸ್ತಿ ಸಮಯ ಇಡಿ. ಚಂದದ ಫೋಟೋ ಸಿಗುವುದು ಮೊದಲನೆಯದರಲ್ಲಿ. ಆದರೆ ಲೈಬ್ರರಿ ಅಂದರೆ ಏನು ಅನ್ನುವುದು ತಿಳಿಯುವುದು ಒಂದು ಕುರ್ಚಿ ಎಳೆದುಕೊಂಡು ಪುಸ್ತಕ ಬಿಚ್ಚಿದಾಗಲೇ.

ಲಂಡನ್‌ನಲ್ಲಿ ಅಂಥ ಜಾಗ ಬ್ರಿಟಿಷ್ ಲೈಬ್ರರಿ. ಕಿಂಗ್ಸ್ ಕ್ರಾಸ್ ಸೇಂಟ್ ಪ್ಯಾಂಕ್ರಸ್ ಸ್ಟೇಷನ್‌ನಿಂದ ಐದು ನಿಮಿಷ ನಡೆದರೆ ಸಾಕು. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ಹೆಚ್ಚಿನ ಪ್ರವಾಸಿಗಳು ಹಳೆಯ ಹಸ್ತಪ್ರತಿಗಳ ಗ್ಯಾಲರಿ ನೋಡಿ, ನಡುವೆ ನಿಂತಿರುವ ಆರು ಅಂತಸ್ತಿನ ಗಾಜಿನ ಗೋಪುರದ ಫೋಟೋ ತೆಗೆದು ಹೊರಟುಬಿಡುತ್ತಾರೆ. ಆ ಗೋಪುರದಲ್ಲಿರುವುದು ಮೂರನೇ ಜಾರ್ಜ್ ದೊರೆ ಕೂಡಿಸಿದ 65,000ಕ್ಕೂ ಹೆಚ್ಚು ಪುಸ್ತಕಗಳು. ನೋಡಲು ಇಟ್ಟಿದ್ದಷ್ಟೇ ಅಲ್ಲ, ಓದುಗರು ಕೇಳಿದರೆ ಸಿಬ್ಬಂದಿ ಇವತ್ತಿಗೂ ಅಲ್ಲಿಂದ ಪುಸ್ತಕ ತೆಗೆದು ಕೊಡುತ್ತಾರೆ.

ನೀವು ಒಂದು ಹೆಜ್ಜೆ ಮುಂದೆ ಹೋಗಿ, ಓದುವ ಕೋಣೆಯೊಳಗೆ ಬಿಡುವ ರೀಡರ್ ಪಾಸ್ ಮಾಡಿಸಿಕೊಳ್ಳಿ. ಅದು ಉಚಿತ. ಹೊರದೇಶದವರಿಗೂ ಸಿಗುತ್ತದೆ. ಗುರುತಿನ ಪುರಾವೆ, ಮನೆ ವಿಳಾಸದ ಪುರಾವೆ ಎರಡೂ ಬೇಕಾಗುತ್ತದೆ. ಮೂಲಪ್ರತಿಗಳನ್ನೇ ಒಯ್ಯಿರಿ. ವಿಳಾಸದ ಕಾಗದ ಇಂಗ್ಲಿಷ್‌ನಲ್ಲಿದ್ದರೆ ಕೌಂಟರ್‌ನಲ್ಲಿ ಕೆಲಸ ಬೇಗ ಆಗುತ್ತದೆ. ಅಲ್ಲಿನ ಸಂಗ್ರಹದ ದೊಡ್ಡ ಪಾಲು ಲಂಡನ್‌ನಲ್ಲಿಲ್ಲ, ಯಾರ್ಕ್‌ಶೈರ್‌ನ ಬಾಸ್ಟನ್ ಸ್ಪಾದಲ್ಲಿದೆ. ಅಲ್ಲಿಂದ ಪುಸ್ತಕ ಬರಲು ದಿನಗಳೇ ಹಿಡಿಯುತ್ತವೆ. ಹಾಗಾಗಿ ಏನು ಓದಬೇಕು ಅನ್ನುವುದನ್ನು ಮನೆಯಲ್ಲೇ ತೀರ್ಮಾನಿಸಿ, ಮೊದಲೇ ಕೇಳಿಡಿ. 2023ರ ಅಕ್ಟೋಬರ್‌ನಲ್ಲಿ ಈ ಲೈಬ್ರರಿಯ ಕಂಪ್ಯೂಟರ್‌ಗಳ ಮೇಲೆ ದೊಡ್ಡ ಸೈಬರ್ ದಾಳಿ ಆಯಿತು. ಆಮೇಲೆ ಸೇವೆಗಳು ಒಂದೊಂದಾಗಿ ವಾಪಸ್ ಬಂದವು. ನೀವು ಹೋಗುವ ಹೊತ್ತಿಗೆ ಪುಸ್ತಕ ಕೇಳುವ ಕ್ರಮ ಹೇಗಿದೆ ಅಂತ ಅವರ ವೆಬ್‌ಸೈಟ್ ನೋಡಿಯೇ ಹೊರಡಿ.

ಕನ್ನಡ ಓದುವವರಿಗೆ ಇಲ್ಲಿ ಇನ್ನೊಂದು ಕಾರಣವೂ ಇದೆ. ಎಲ್. ಡಿ. ಬಾರ್ನೆಟ್ ಅನ್ನುವ ವಿದ್ವಾಂಸ 1910ರಲ್ಲೇ ಬ್ರಿಟಿಷ್ ಮ್ಯೂಸಿಯಂನ ಲೈಬ್ರರಿಯಲ್ಲಿದ್ದ ಕನ್ನಡ ಪುಸ್ತಕಗಳ ಪಟ್ಟಿ ಮಾಡಿ ಅಚ್ಚು ಹಾಕಿಸಿದ್ದರು. ಆ ಲೈಬ್ರರಿಯ ಪುಸ್ತಕಗಳೇ ಈಗಿನ ಬ್ರಿಟಿಷ್ ಲೈಬ್ರರಿಯ ತಳಹದಿ. ಏಷ್ಯಾ ಮತ್ತು ಆಫ್ರಿಕಾ ವಿಭಾಗದ ಓದುವ ಕೋಣೆಯಲ್ಲಿ ಕೂತು ನಾನು ಹತ್ತೊಂಬತ್ತನೇ ಶತಮಾನದ ಒಂದು ಕನ್ನಡ ಪುಸ್ತಕ ತರಿಸಿಕೊಂಡೆ. ಪುಸ್ತಕವನ್ನು ಸ್ಪಂಜಿನ ದಿಂಬಿನ ಮೇಲೆ ಅರ್ಧ ತೆರೆದಿಟ್ಟು ಓದಬೇಕು. ಹಾಳೆ ಮಗುಚದಂತೆ ಬಟ್ಟೆ ಸುತ್ತಿದ ಭಾರದ ದಾರವೊಂದನ್ನು ಮೇಲೆ ಹಾಸುತ್ತಾರೆ. ಅಚ್ಚಿನ ಮೊಳೆ ಒತ್ತಿದ ಗುರುತು ಹಾಳೆಯ ಹಿಂಬದಿಯಲ್ಲಿ ಬೆರಳಿಗೆ ತಾಗುತ್ತಿತ್ತು. ಅಂಚು ಕಂದು ಬಣ್ಣಕ್ಕೆ ತಿರುಗಿತ್ತು, ಅಕ್ಷರ ಮಾತ್ರ ಇನ್ನೂ ಕಪ್ಪಗೇ ಇದ್ದವು. ಆ ಮಧ್ಯಾಹ್ನಕ್ಕಾಗಿ ಒಂದು ಅರಮನೆ ನೋಡುವುದು ತಪ್ಪಿತು. ಸ್ವಲ್ಪವೂ ಬೇಸರವಾಗಲಿಲ್ಲ.

ಲಂಡನ್‌ನ ಅಂಗಡಿಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಚೇರಿಂಗ್ ಕ್ರಾಸ್ ರಸ್ತೆಯ ಫಾಯ್ಲ್ಸ್‌ನಲ್ಲಿ ಹೊಸ ಪುಸ್ತಕ ಯಾವುದು ಬೇಕಾದರೂ ಸಿಗುತ್ತದೆ. ಅಲ್ಲೇ ಹತ್ತಿರದ ಸೆಸಿಲ್ ಕೋರ್ಟ್ ಅನ್ನುವ ಓಣಿಯಲ್ಲಿ ವಾಹನ ಓಡಾಡುವುದಿಲ್ಲ. ಎರಡೂ ಬದಿ ಹಳೆ ಪುಸ್ತಕ, ಹಳೆ ನಕಾಶೆಗಳ ಅಂಗಡಿಗಳು. ಅಲ್ಲಿ ಕೊಳ್ಳುವುದು ಕಷ್ಟ, ನೋಡುವುದು ಸುಖ. ಪಿಕಡಿಲಿಯ ಹ್ಯಾಚರ್ಡ್ಸ್ 1797ರಿಂದ ನಡೆಯುತ್ತಿದೆ. ವಾಟರ್ಲೂ ಸೇತುವೆಯ ಕೆಳಗೆ ಬಯಲಿನಲ್ಲೇ ಮೇಜು ಹಾಕಿ ಹಳೆ ಪುಸ್ತಕ ಮಾರುತ್ತಾರೆ. ಒಂದೇ ಅಂಗಡಿಗೆ ಸಮಯ ಇದೆ ಅಂದರೆ ಮೆರಿಲಬೋನ್‌ನ ಡಾಂಟ್ ಬುಕ್ಸ್‌ಗೆ ಹೋಗಿ. ಅಲ್ಲಿ ಪುಸ್ತಕಗಳನ್ನು ದೇಶದ ಪ್ರಕಾರ ಜೋಡಿಸಿದ್ದಾರೆ. ಒಂದು ದೇಶದ ಕಾದಂಬರಿ, ಚರಿತ್ರೆ, ಪ್ರವಾಸದ ಕೈಪಿಡಿ ಎಲ್ಲ ಒಂದೇ ಕಪಾಟಿನಲ್ಲಿ. ನಕಾಶೆ ಹುಡುಕಲು ಹೋದವರು ಆ ನಾಡಿನ ಕಾದಂಬರಿ ಹಿಡಿದು ಬರುತ್ತಾರೆ. ಉದ್ದನೆಯ ಹಾಲ್, ಮೇಲೆ ಮರದ ಗ್ಯಾಲರಿ, ಗಾಜಿನ ಚಾವಣಿಯಿಂದ ಇಳಿಯುವ ಬೆಳಕು. ಬೆಳಿಗ್ಗೆ ಬೇಗ ಹೋದರೆ ಜನ ಕಡಿಮೆ.

ಭಾನುವಾರದ ಲೆಕ್ಕ ನೆನಪಿರಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದೊಡ್ಡ ಅಂಗಡಿಗಳು ಭಾನುವಾರ ಆರು ಗಂಟೆ ಮಾತ್ರ ತೆರೆಯಬಹುದು, ಕಾನೂನೇ ಹಾಗಿದೆ. ಲೈಬ್ರರಿಗಳು ಎಷ್ಟೋ ಕಡೆ ಆ ದಿನ ಮುಚ್ಚಿಯೇ ಇರುತ್ತವೆ. ಊರಿಂದ ಊರಿಗೆ ಹೋಗುವ ದಿನ ಭಾನುವಾರ ಬರುವ ಹಾಗೆ ನೋಡಿಕೊಳ್ಳಿ. ಆದರೆ ಹೇ-ಆನ್-ವೈಗೆ ಹೋಗುವ ದಿನ ಭಾನುವಾರ ಬೇಡ, ಬಸ್ಸು ಕಡಿಮೆ.

ಲಂಡನ್‌ನ ಪ್ಯಾಡಿಂಗ್ಟನ್‌ನಿಂದ ಆಕ್ಸ್‌ಫರ್ಡ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. 1602ರಲ್ಲಿ ಬಾಗಿಲು ತೆರೆದ ಬಾಡ್ಲಿಯನ್ ಲೈಬ್ರರಿ ಇರುವುದು ಇಲ್ಲೇ. ಪ್ರವಾಸಿಗಳು ಒಳಗೆ ಹೋಗಬೇಕಾದರೆ ಗೈಡ್ ಜೊತೆ ಟೂರ್‌ನಲ್ಲೇ ಹೋಗಬೇಕು. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತಗೊಳ್ಳಿ. ತೀರಾ ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ, ಕುಟುಂಬದ ಜೊತೆ ಹೋಗುವವರು ವಯಸ್ಸಿನ ನಿಯಮ ನೋಡಿಕೊಳ್ಳಿ. ಡ್ಯೂಕ್ ಹಂಫ್ರೀಸ್ ಲೈಬ್ರರಿ ಅನ್ನುವ ಹದಿನೈದನೇ ಶತಮಾನದ ಕೋಣೆಯಲ್ಲಿ ನಿಮಗೆ ಸಿಗುವುದು ಕೆಲವೇ ನಿಮಿಷ, ಫೋಟೋ ಬದಲು ಕಣ್ಣಿಗೆ ಕೆಲಸ ಕೊಡಿ. ಇಲ್ಲಿಂದ ಪುಸ್ತಕ ಮನೆಗೆ ಒಯ್ಯುವ ಪದ್ಧತಿಯೇ ಇಲ್ಲ. 1645ರಲ್ಲಿ ಒಂದನೇ ಚಾರ್ಲ್ಸ್ ದೊರೆ ಒಂದು ಪುಸ್ತಕ ಕೇಳಿ ಕಳಿಸಿದಾಗಲೂ ಆಗುವುದಿಲ್ಲ ಅಂದರು. ಓದುಗರಾಗಿ ಸೇರುವವರು ಲೈಬ್ರರಿಯೊಳಗೆ ಬೆಂಕಿ ತರುವುದಿಲ್ಲ, ಹಚ್ಚುವುದಿಲ್ಲ ಅಂತ ಇವತ್ತಿಗೂ ಪ್ರತಿಜ್ಞೆ ಮಾಡಬೇಕು. ನನಗೆ ಆ ನಿಷ್ಠುರ ಬಹಳ ಇಷ್ಟವಾಯಿತು. ದೊರೆಗೂ ವಿನಾಯಿತಿ ಕೊಡದೆ ಕಾದದ್ದರಿಂದಲೇ ಅಲ್ವಾ ಪುಸ್ತಕಗಳು ಇಲ್ಲಿವರೆಗೆ ಉಳಿದದ್ದು?

ಎದುರುಗಡೆಯ ಬ್ರಾಡ್ ಸ್ಟ್ರೀಟ್‌ನಲ್ಲಿ ವೆಸ್ಟನ್ ಲೈಬ್ರರಿ ಇದೆ. ಅಲ್ಲಿನ ದೊಡ್ಡ ಹಾಲ್‌ಗೆ ಯಾರು ಬೇಕಾದರೂ ಸುಮ್ನೆ ಹೋಗಬಹುದು. ಅದರ ಪಕ್ಕದಲ್ಲೇ ಬ್ಲ್ಯಾಕ್‌ವೆಲ್ಸ್ ಅಂಗಡಿ. 1879ರಲ್ಲಿ ಶುರುವಾದಾಗ ಅದು ಹನ್ನೆರಡು ಅಡಿ ಚೌಕದ ಒಂದು ಕೋಣೆ. ಈಗ ಅದರ ನೆಲಮಾಳಿಗೆಯ ನಾರಿಂಗ್ಟನ್ ರೂಮ್, ಪಕ್ಕದ ಟ್ರಿನಿಟಿ ಕಾಲೇಜಿನ ತೋಟದ ಅಡಿಯವರೆಗೆ ಚಾಚಿದೆ. ಹೊರಗಿನಿಂದ ನೋಡಿದರೆ ಒಂದು ಪುಟ್ಟ ಅಂಗಡಿ. ಮೆಟ್ಟಿಲಿಳಿದು ತಿರುಗಿದ ತಕ್ಷಣ ಸುಮಾರು ಮೂರು ಮೈಲಿ ಉದ್ದದ ಕಪಾಟು ಒಂದೇ ನೋಟಕ್ಕೆ ಸಿಗುತ್ತದೆ. ನನ್ನ ಗೆಳತಿ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಹಿಂದೆ ಬರುತ್ತಿದ್ದವರಿಗೆ ದಾರಿ ಬಿಡಲು ನಾನೇ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆಯಬೇಕಾಯಿತು.

ಆಕ್ಸ್‌ಫರ್ಡ್‌ನಿಂದ ಹೆರೆಫರ್ಡ್‌ಗೆ ಕೆಲವು ನೇರ ರೈಲುಗಳಿವೆ. ಹೊತ್ತು ನೋಡಿ ಅವನ್ನೇ ಹಿಡಿಯಿರಿ. ಹೆಚ್ಚಿನವರು ಹೆರೆಫರ್ಡ್‌ನಲ್ಲಿ ಇಳಿಯುವುದು ಹೇ ಊರಿನ ಬಸ್ ಹತ್ತುವುದಕ್ಕೆ ಮಾತ್ರ. ಹಾಗೆ ಮಾಡಬೇಡಿ. ಅಲ್ಲಿನ ದೊಡ್ಡ ಚರ್ಚು ಕಥೀಡ್ರಲ್‌ನಲ್ಲಿ ಸರಪಳಿ ಹಾಕಿದ ಪುಸ್ತಕಗಳ ಲೈಬ್ರರಿ ಇದೆ. ಇಂಥವುಗಳಲ್ಲಿ ಜಗತ್ತಿನಲ್ಲಿ ಉಳಿದಿರುವ ಅತಿ ದೊಡ್ಡದು ಇದೇ. 1611ರ ಹೊತ್ತಿಗೆ ಮಾಡಿಸಿದ ಮರದ ಕಪಾಟುಗಳು. ಹತ್ತಿರ ಹೋಗಿ ನೋಡಿದರೆ ಪುಸ್ತಕಗಳೆಲ್ಲ ನಮಗೆ ಬೆನ್ನು ಕಾಣದಂತೆ ನಿಂತಿವೆ, ಹಾಳೆಗಳ ಅಂಚು ಮಾತ್ರ ಕಾಣುತ್ತದೆ. ಕಾರಣ ಸರಳ. ಸರಪಳಿ ಸಿಕ್ಕಿಸಿರುವುದು ರಟ್ಟಿನ ಮುಂದಿನ ಅಂಚಿಗೆ. ಇನ್ನೊಂದು ತುದಿ ಕಪಾಟಿನ ಉದ್ದಕ್ಕೂ ಇರುವ ಕಬ್ಬಿಣದ ಸರಳಿಗೆ. ಹೀಗಿದ್ದರೆ ಪುಸ್ತಕವನ್ನು ತಿರುಗಿಸದೆ ನೇರ ಎಳೆದು ಕೆಳಗಿನ ಮೇಜಿನ ಮೇಲೆ ಬಿಚ್ಚಬಹುದು, ಸರಪಳಿ ಸಿಕ್ಕಾಗುವುದಿಲ್ಲ. ಬೆನ್ನು ಮುಂದೆ ಇಟ್ಟಿದ್ದರೆ ಪ್ರತಿ ಸಲ ತಿರುಗಿಸಬೇಕಿತ್ತು. ಪಕ್ಕದಲ್ಲೇ 1300ರ ಸುಮಾರಿಗೆ ಒಂದೇ ಕರುವಿನ ಚರ್ಮದ ಮೇಲೆ ಬರೆದ ಜಗತ್ತಿನ ನಕಾಶೆ ಇದೆ. ಪೂರ್ವ ದಿಕ್ಕು ಮೇಲಿದೆ, ಜೆರುಸಲೆಮ್ ನಡುವೆ ಇದೆ. ಎರಡನ್ನೂ ನೋಡಲು ಅರ್ಧ ದಿನ ಇಟ್ಟುಕೊಳ್ಳಿ.

ಹೇ-ಆನ್-ವೈಗೆ ರೈಲಿಲ್ಲ. ಹೆರೆಫರ್ಡ್‌ನಿಂದ ಟಿ14 ಬಸ್ ಹಿಡಿದರೆ ಒಂದು ಗಂಟೆಯ ಆಸುಪಾಸಿನ ದಾರಿ. ಇಂಗ್ಲೆಂಡ್-ವೇಲ್ಸ್ ಗಡಿಯ ಈ ಪುಟ್ಟ ಊರಿನಲ್ಲಿ ಇಪ್ಪತ್ತರ ಆಸುಪಾಸು ಪುಸ್ತಕದಂಗಡಿಗಳು. ರಿಚರ್ಡ್ ಬೂತ್ ಅನ್ನುವ ಒಬ್ಬ ಮನುಷ್ಯನ ಹಟದಿಂದ ಆದ ಕೆಲಸ ಇದು. 1960ರ ದಶಕದ ಮೊದಲಲ್ಲಿ ಇಲ್ಲಿನ ಹಳೆ ಅಗ್ನಿಶಾಮಕ ಠಾಣೆಯಲ್ಲಿ ಅವರು ಅಂಗಡಿ ಇಟ್ಟರು. ಅಮೆರಿಕದಲ್ಲಿ ಮುಚ್ಚಿಹೋಗುತ್ತಿದ್ದ ಲೈಬ್ರರಿಗಳ ಪುಸ್ತಕಗಳನ್ನು ಹಡಗಿನಲ್ಲಿ ತರಿಸಿದರು. 1977ರ ಏಪ್ರಿಲ್ 1ರಂದು ತಮ್ಮನ್ನು ತಾವೇ ಹೇ ಊರಿನ ರಾಜ ಅಂತ ಸಾರಿಕೊಂಡರು. ಸುದ್ದಿ ಎಲ್ಲೆಡೆ ಹಬ್ಬಿತು, ಜನ ಬಂದರು, ಊರು ಬದುಕಿತು. ಅವರು 2019ರಲ್ಲಿ ತೀರಿಕೊಂಡರು. ಅವರ ಹೆಸರಿನ ದೊಡ್ಡ ಅಂಗಡಿ ಈಗಲೂ ಇದೆ.

ಇಲ್ಲಿ ಒಂದು ರಾತ್ರಿಯಾದರೂ ಉಳಿಯಿರಿ. ಬೆಳಿಗ್ಗೆ ಬಂದು ಸಂಜೆ ಹೋಗುವವರು ನಾಲ್ಕು ಅಂಗಡಿ ನೋಡುವಷ್ಟರಲ್ಲಿ ಬಸ್ಸಿನ ಹೊತ್ತಾಗಿರುತ್ತದೆ. ಅಂಗಡಿಗಳು ಸಂಜೆ ಬೇಗ ಮುಚ್ಚುತ್ತವೆ. ಮೊದಲ ದಿನ ಏನೂ ಕೊಳ್ಳದೆ ಎಲ್ಲ ಸುತ್ತಿ, ಕಣ್ಣಿಗೆ ಬಿದ್ದದ್ದನ್ನು ಅಂಗಡಿಯ ಹೆಸರಿನ ಸಮೇತ ಬರೆದಿಟ್ಟುಕೊಳ್ಳಿ. ಒಂದೇ ಪುಸ್ತಕ ಬೇರೆ ಬೇರೆ ಅಂಗಡಿಯಲ್ಲಿ ಬೇರೆ ಬೇರೆ ಬೆಲೆಗೆ ಸಿಗುತ್ತದೆ. ಬೆಲೆಯನ್ನು ಸಾಮಾನ್ಯವಾಗಿ ರಟ್ಟು ತೆರೆದ ಕೂಡಲೇ ಸಿಗುವ ಖಾಲಿ ಹಾಳೆಯ ಮೇಲಿನ ಮೂಲೆಯಲ್ಲಿ ಪೆನ್ಸಿಲ್‌ನಿಂದ ಬರೆದಿರುತ್ತಾರೆ. ಮೂರ್ನಾಲ್ಕು ಪುಸ್ತಕ ಒಟ್ಟಿಗೆ ತಗೊಳ್ಳುವಾಗ ಸ್ವಲ್ಪ ಕಡಿಮೆ ಆಗುತ್ತದಾ ಅಂತ ಮೆಲ್ಲಗೆ ಕೇಳಬಹುದು, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಒಂದೇ ಬಗೆಯ ಪುಸ್ತಕ ಇಡುವ ಅಂಗಡಿಗಳೂ ಇವೆ. ಕವಿತೆಗೆ ಒಂದು, ಪತ್ತೇದಾರಿ ಕಾದಂಬರಿಗೆ ಒಂದು.

ಕೋಟೆಯ ಅಂಗಳದಲ್ಲಿ ಬಯಲಿನಲ್ಲೇ ಕಪಾಟುಗಳಿವೆ. ಮಾರುವವರು ಯಾರೂ ಇಲ್ಲ. ಪುಸ್ತಕ ತಗೊಂಡು ಡಬ್ಬಿಯಲ್ಲಿ ದುಡ್ಡು ಹಾಕಿ ಹೋಗಬೇಕು. ನಾವು ಹೋದಾಗ ತುಂತುರು ಮಳೆ. ಕೊಡೆ ಹಿಡಿದ ಹಿರಿಯರೊಬ್ಬರು ಒಂದು ಪುಸ್ತಕ ಒರೆಸಿ, ಎರಡು ಪುಟ ಓದಿ, ಮತ್ತೆ ಅದೇ ಜಾಗದಲ್ಲಿಟ್ಟು, ಬೇರೆ ಒಂದಕ್ಕೆ ನಾಣ್ಯ ಹಾಕಿ ಹೋದರು. ಇಂಥ ಕಡೆಗೆಂದೇ ಸ್ವಲ್ಪ ಚಿಲ್ಲರೆ ಪೌಂಡ್ ಇಟ್ಟುಕೊಳ್ಳಿ. ಮೇ ಕೊನೆಯಲ್ಲಿ ಇಲ್ಲಿ ದೊಡ್ಡ ಸಾಹಿತ್ಯ ಹಬ್ಬ ನಡೆಯುತ್ತದೆ, 1988ರಿಂದ ನಡೆದು ಬಂದಿದೆ. ಲೇಖಕರ ಮಾತು ಕೇಳುವ ಆಸೆ ಇದ್ದರೆ ಆಗ ಹೋಗಿ. ಅಂಗಡಿ ಸುತ್ತುವ ಆಸೆ ಇದ್ದರೆ ಆ ದಿನಗಳು ಬೇಡ. ಕೋಣೆಯೂ ಸಿಗುವುದಿಲ್ಲ, ಕಪಾಟಿನ ಮುಂದೆ ನಿಲ್ಲಲು ಜಾಗವೂ ಸಿಗುವುದಿಲ್ಲ.

ಹೆರೆಫರ್ಡ್‌ಗೆ ವಾಪಸ್ ಬಂದು ಉತ್ತರಕ್ಕೆ ಚೆಸ್ಟರ್‌ವರೆಗೆ ರೈಲು, ಅಲ್ಲಿಂದ ಹಾವರ್ಡನ್‌ಗೆ ಬಸ್ಸು. ಡ್ರೈವರ್ ಹತ್ತಿರ ‘ಹಾರ್ಡನ್’ ಅನ್ನಿ, ಊರಿನವರು ಕರೆಯುವುದು ಹಾಗೆ. ಇಲ್ಲಿರುವುದು ಗ್ಲಾಡ್‌ಸ್ಟನ್ಸ್ ಲೈಬ್ರರಿ. ಅಲ್ಲೇ ಕೋಣೆ ಹಿಡಿದು ಮಲಗಬಹುದು. ನಾಲ್ಕು ಸಲ ಪ್ರಧಾನಿಯಾಗಿದ್ದ ವಿಲಿಯಂ ಗ್ಲಾಡ್‌ಸ್ಟನ್, ಎಂಬತ್ತು ದಾಟಿದ ಮೇಲೆ ತಮ್ಮ 32,000 ಪುಸ್ತಕಗಳನ್ನು ಮನೆಯಿಂದ ಇಲ್ಲಿಗೆ ಸಾಗಿಸಿದರು. ಮಗಳು ಮತ್ತು ಕೆಲಸದವನೊಬ್ಬನ ನೆರವಿನಿಂದ, ತಳ್ಳುಗಾಡಿಯಲ್ಲಿ ಹೇರಿಕೊಂಡು, ಬಿಚ್ಚಿ ಜೋಡಿಸುವುದೂ ತಾವೇ. ಪುಸ್ತಕ ಇಲ್ಲದ ಓದುಗರ ಹತ್ತಿರ, ಓದುಗರಿಲ್ಲದ ತಮ್ಮ ಪುಸ್ತಕಗಳು ಹೋಗಲಿ ಅನ್ನುವುದು ಅವರ ಆಸೆಯಾಗಿತ್ತು. ಈಗಿನ ಕಟ್ಟಡ ತೆರೆದದ್ದು ಅವರು ತೀರಿಕೊಂಡ ಮೇಲೆ, 1902ರಲ್ಲಿ.

ಉಳಿದುಕೊಂಡವರಿಗೆ ಓದುವ ಕೋಣೆ ರಾತ್ರಿ ಹತ್ತರವರೆಗೂ ತೆರೆದಿರುತ್ತದೆ. ಊಟ ಮುಗಿಸಿ, ಚಪ್ಪಲಿಯಲ್ಲೇ ನಡೆದು ಬಂದು ಮೇಜಿನ ದೀಪ ಹಾಕಿದರೆ ಸಾಕು. ಮರದ ಗ್ಯಾಲರಿ, ಕಿರುಗುಟ್ಟುವ ನೆಲ, ಅಲ್ಲಲ್ಲಿ ತಲೆ ಬಗ್ಗಿಸಿದ ನಾಲ್ಕೈದು ಜನ. ಗ್ಲಾಡ್‌ಸ್ಟನ್ ಓದಿದ ಪುಸ್ತಕಗಳ ಅಂಚಿನಲ್ಲಿ ಅವರೇ ಹಾಕಿದ ಪೆನ್ಸಿಲ್ ಗುರುತುಗಳಿವೆ. ಇಡೀ ಪ್ರಯಾಣದಲ್ಲಿ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ ಅನ್ನುತ್ತೇನೆ. ಟಿವಿ ಇಲ್ಲದ ಕೋಣೆ ಬೇಸರ ಅನ್ನುವವರಿಗೆ ಮಾತ್ರ ಇದು ಹಿಡಿಸದು. ಕೋಣೆಗಳು ಮೂವತ್ತೂ ಇಲ್ಲ, ಹಾಗಾಗಿ ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು.

ಚೆಸ್ಟರ್‌ನಿಂದ ಮ್ಯಾಂಚೆಸ್ಟರ್ ಒಂದು ಗಂಟೆ ಚಿಲ್ಲರೆ. ಅಲ್ಲಿ 1653ರಲ್ಲಿ ಶುರುವಾದ ಚೀತಮ್ಸ್ ಲೈಬ್ರರಿ ಇದೆ. ಬ್ರಿಟನ್‌ನಲ್ಲಿ ಸಾರ್ವಜನಿಕರಿಗೆಂದು ಇರುವ ಲೈಬ್ರರಿಗಳಲ್ಲಿ ಅತಿ ಹಳೆಯದು. ಟೂರ್ ಕಾಯ್ದಿರಿಸಿಕೊಂಡೇ ಹೋಗಬೇಕು. 1845ರ ಬೇಸಿಗೆಯಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸ್ ಕೂತು ಓದುತ್ತಿದ್ದ ಕಿಟಕಿ ಪಕ್ಕದ ಮೇಜನ್ನು ತೋರಿಸುತ್ತಾರೆ. ಡೀನ್ಸ್‌ಗೇಟ್‌ನ ಜಾನ್ ರೈಲೆಂಡ್ಸ್ ಲೈಬ್ರರಿ ನೋಡಲು ದುಡ್ಡು ಬೇಡ. ಎನ್ರಿಕೆಟಾ ರೈಲೆಂಡ್ಸ್ ಗಂಡನ ನೆನಪಿಗೆ ಕಟ್ಟಿಸಿ, 1900ರಲ್ಲಿ ಜನರಿಗೆ ತೆರೆದರು. ಕಾಲು ಸೋತಿದ್ದರೆ ಸೇಂಟ್ ಪೀಟರ್ಸ್ ಸ್ಕ್ವೇರ್‌ನ ಸೆಂಟ್ರಲ್ ಲೈಬ್ರರಿಗೆ ಹೋಗಿ. ಗುಮ್ಮಟದ ಕೆಳಗಿನ ದುಂಡನೆಯ ಕೋಣೆಯಲ್ಲಿ ಯಾರು ಬೇಕಾದರೂ ಕೂರಬಹುದು. ಪೆನ್ಸಿಲ್ ಬಿದ್ದರೂ ಸದ್ದು ಸುತ್ತು ಹಾಕಿ ಬರುತ್ತದೆ.

ಇನ್ನು ಭಾರದ ವಿಷಯ. ಹೇ ಊರು ದಾರಿಯ ನಡುವೆ ಬರುವುದರಿಂದ, ಅಲ್ಲಿ ಕೊಂಡದ್ದನ್ನೆಲ್ಲ ಮ್ಯಾಂಚೆಸ್ಟರ್ ಸುತ್ತಿ ಲಂಡನ್‌ವರೆಗೆ ಹೊರಬೇಕಾಗುತ್ತದೆ. ಚಕ್ರದ ಸೂಟ್‌ಕೇಸ್ ಚಿಕ್ಕದಿರಲಿ, ರೈಲು ಬದಲಿಸುವಾಗ ಮೆಟ್ಟಿಲು ಸಿಗುತ್ತವೆ. ಬಟ್ಟೆ ಕಡಿಮೆ ಮಾಡಿ. ಬೆನ್ನಿಗೆ ಹಾಕುವ ಗಟ್ಟಿ ಚೀಲ ಒಂದಿರಲಿ. ಅಂಚೆಯಲ್ಲಿ ಹೊರದೇಶಕ್ಕೆ ಕಳಿಸಿಕೊಡುತ್ತೀರಾ ಅಂತ ಅಂಗಡಿಯವರನ್ನೇ ಕೇಳಿ, ಎಷ್ಟೋ ಜನ ಒಪ್ಪುತ್ತಾರೆ. ಆದರೆ ಅಂಚೆ ಖರ್ಚು ಪುಸ್ತಕದ ಬೆಲೆಗಿಂತ ಜಾಸ್ತಿ ಆಗಬಹುದು, ಅಪರೂಪದ್ದಕ್ಕೆ ಮಾತ್ರ ಆ ದಾರಿ ನೋಡಿ. ಬ್ರಿಟನ್‌ನಲ್ಲಿ ಅಚ್ಚಿನ ಪುಸ್ತಕಕ್ಕೆ ವ್ಯಾಟ್ ತೆರಿಗೆ ಇಲ್ಲ, ಕಂಡ ಬೆಲೆಯೇ ಕೊಡುವ ಬೆಲೆ. ಆಕ್ಸ್‌ಫ್ಯಾಮ್‌ನಂಥ ದತ್ತಿ ಸಂಸ್ಥೆಗಳ ಹಳೆ ಪುಸ್ತಕದಂಗಡಿಗಳು ಎಷ್ಟೋ ಊರುಗಳಲ್ಲಿವೆ, ಅಗ್ಗಕ್ಕೆ ಒಳ್ಳೊಳ್ಳೆ ಪುಸ್ತಕ ಸಿಗುವುದು ಅಲ್ಲೇ.

ರೈಲಿನ ಟಿಕೆಟ್ ಮೊದಲೇ ಕೊಂಡರೆ ದುಡ್ಡು ಬಹಳ ಉಳಿಯುತ್ತದೆ. ಆದರೆ ಅಂಥ ಅಗ್ಗದ ಟಿಕೆಟ್ ಒಂದೇ ರೈಲಿಗೆ ಸಲ್ಲುತ್ತದೆ, ಅಂಗಡಿಯಲ್ಲಿ ಮೈಮರೆತರೆ ಟಿಕೆಟ್ ಹೋಯಿತು. ಹೇ ಊರಿನಿಂದ ಹೊರಡುವ ದಿನಕ್ಕೆ ಮಾತ್ರ ಯಾವ ರೈಲಿಗಾದರೂ ಹತ್ತಬಹುದಾದ ಟಿಕೆಟ್ ತಗೊಳ್ಳಿ. ಯೋಜನೆ ಹಾಕಲು ಕೂತಾಗ ಮೊದಲು ಹಾವರ್ಡನ್‌ನಲ್ಲಿ ಕೋಣೆ ಯಾವತ್ತು ಖಾಲಿ ಇದೆ ನೋಡಿ. ಅದು ಸಿಕ್ಕ ಮೇಲೆ ಬಾಡ್ಲಿಯನ್ ಮತ್ತು ಚೀತಮ್ಸ್ ಟೂರ್‌ಗಳು, ಆಮೇಲೆ ರೈಲು. ವಿಮಾನದ ಟಿಕೆಟ್ ಕೊನೆಗೆ.