ಹಳಿ ಏರಿಸುವ ದಿನ

ಎತ್ತಿನ ಗಾಡಿಯ ಮರದ ಗಾಲಿಗೆ ಕಬ್ಬಿಣದ ಹಳಿ, ಅಂದರೆ ಅಂಚಿನ ಸುತ್ತ ಬಿಗಿಯುವ ಪಟ್ಟಿ, ಏರಿಸುವುದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಬಡಿಗನಿಗೆ ಮರದ ಗುಣ ಗೊತ್ತಿರಬೇಕು, ಕಮ್ಮಾರನಿಗೆ ಕಾವಿನ ಹದ. ವಿಶ್ವಕರ್ಮನ ಐದು ಮಕ್ಕಳ ಕಥೆಯಲ್ಲಿ ಮನುವಿಗೆ ಕಬ್ಬಿಣ, ಮಯನಿಗೆ ಮರ, ತ್ವಷ್ಟೃವಿಗೆ ಕಂಚು, ಶಿಲ್ಪಿಗೆ ಕಲ್ಲು, ವಿಶ್ವಜ್ಞನಿಗೆ ಚಿನ್ನ. ಆ ಲೆಕ್ಕದಲ್ಲಿ ಬಡಿಗ, ಕಮ್ಮಾರ ಅಣ್ಣತಮ್ಮಂದಿರು. ಎಷ್ಟೋ ಹಳ್ಳಿಗಳಲ್ಲಿ ನಿಜಕ್ಕೂ ಹಾಗೇ ಇತ್ತು: ಒಂದೇ ಮನೆತನ, ಅಂಗಳದ ಒಂದು ಮೂಲೆಗೆ ಕುಲುಮೆ, ಇನ್ನೊಂದು ಮೂಲೆಗೆ ಒಣಗಲು ಇಟ್ಟ ಜಾಲಿ ದಿಮ್ಮಿ.

ಗಾಲಿಯ ಜೀವ ಇರುವುದು ನಡುವಿನ ಗುಂಬದಲ್ಲಿ. ಅದಕ್ಕೆ ಜಾಲಿಯಂಥ ಗಟ್ಟಿ ಮರವೇ ಬೇಕು. ಕಡಿದ ದಿಮ್ಮಿಯನ್ನು ಕೆಲವು ತಿಂಗಳು ಕೆರೆಯ ಕೆಸರಲ್ಲಿ ಹೂತಿಟ್ಟು, ಆಮೇಲೆ ನೆರಳಲ್ಲಿ ಒಣಗಿಸುತ್ತಾರೆ. ನೀರಿನಲ್ಲಿ ಮರದ ರಸ ಇಳಿದುಹೋಗುವುದರಿಂದ ಹುಳ ಹಿಡಿಯುವುದು ಕಮ್ಮಿ. ಬಿಸಿಲಿಗೆ ಹಾಕಿ ಅವಸರ ಮಾಡಿದರೆ ನಡುಮಧ್ಯಕ್ಕೆ ಸೀಳು ಬಿಡುತ್ತದೆ. ಆ ದಿಮ್ಮಿ ಒಲೆಗೇ ಸೈ. ಗುಂಬಕ್ಕೆ ಸಾಮಾನ್ಯವಾಗಿ ಹನ್ನೆರಡು ಅರ (ಗುಂಬದಿಂದ ಅಂಚಿಗೆ ಚಾಚುವ ಕಡ್ಡಿ), ಸುತ್ತಲಿನ ಅಂಚಿಗೆ ಬಾಗಿದ ಆರು ಮರದ ತುಂಡು, ಒಂದೊಂದು ತುಂಡಿಗೆ ಎರಡೆರಡು ಅರ. ಹದಿನಾಲ್ಕು ಅರದ ಗಾಲಿಯಾದರೆ ಏಳು ತುಂಡು. ಅರಗಳನ್ನು ಗುಂಬದ ತೂತಿಗೆ ಕೊಡತಿಯಲ್ಲಿ (ಮರದ ಸುತ್ತಿಗೆ) ಬಡಿದು ಕೂರಿಸುವಾಗ ಸದ್ದು ಕೇಳುತ್ತಿರಬೇಕು. ಮೊದಲು ಟೊಳ್ಳು ಸದ್ದು, ಅರ ತಳ ಮುಟ್ಟಿದ ಕೂಡಲೇ ಗಟ್ಟಿ ಸದ್ದು. ಅಲ್ಲಿಗೆ ನಿಲ್ಲಿಸಬೇಕು. ಇನ್ನೊಂದೇಟು ಹಾಕಿದರೆ ಗುಂಬ ಬಾಯಿ ಬಿಡುತ್ತದೆ.

ಸುತ್ತಿನ ತುಂಡುಗಳು ಒಂದಕ್ಕೊಂದು ಸೇರುವ ಕಡೆ ಕೂದಲೆಳೆಯಷ್ಟು ಸಂದು ಬಿಡಬೇಕು. ನೋಡುವವರಿಗೆ ಇದು ಕೆಲಸದ ಕೊರತೆಯಂತೆ ಕಾಣುತ್ತದೆ. ಆದರೆ ಹಳಿ ಬಿಗಿದಾಗ ಆ ಸಂದು ಮುಚ್ಚಿಕೊಂಡರೇನೇ ಅರಗಳು ಗುಂಬದೊಳಕ್ಕೆ ಒತ್ತಿ ಕೂರುವುದು. ಮೊದಲೇ ಸಂದಿಲ್ಲದಂತೆ ಜೋಡಿಸಿದರೆ ಹಳಿಯ ಬಿಗಿಯೆಲ್ಲ ಸುತ್ತಿನ ಮರಕ್ಕೇ ಹೋಗಿ, ಅರ ಸಡಿಲವಾಗಿಯೇ ಉಳಿದು, ಮೊದಲ ಸುಗ್ಗಿಗೇ ಕಿರ್‍ರೆನ್ನಲು ಶುರು. ಸಂದು ಜಾಸ್ತಿಯಾದರೆ ಇನ್ನೊಂದು ಪಾಡು: ಅರಗಳು ಬಾಗಿ ಗಾಲಿ ತಟ್ಟೆಯಂತೆ ಒಂದು ಕಡೆಗೆ ಉಬ್ಬುತ್ತದೆ.

ಇನ್ನು ಹಳಿಯ ಅಳತೆ. ಗಾಲಿಯ ಅಂಚಿಗೆ ಸುಣ್ಣದ ಗುರುತು ಹಾಕಿ, ನೆಲದ ಮೇಲೆ ಚಾಚಿದ ಪಟ್ಟಿಯ ಮೇಲೆ ಒಂದು ಸುತ್ತು ಉರುಳಿಸಿದರೆ ಗಾಲಿಯ ಸುತ್ತಳತೆ ಸಿಕ್ಕಿತು. ಐದಡಿ ಎತ್ತರದ ಗಾಲಿಗೆ ಅದು ಹೆಚ್ಚುಕಮ್ಮಿ ಹದಿನೈದು ಮುಕ್ಕಾಲು ಅಡಿ. ಅಷ್ಟಕ್ಕೇ ಕತ್ತರಿಸಿದರೆ ಕೆಲಸ ಕೆಟ್ಟಿತು. ಪಟ್ಟಿ ಬಾಗಿದಾಗ ಒಳಮೈ ಕಿರಿದಾಗುತ್ತದಲ್ಲ, ಅದಕ್ಕೆ ಪಟ್ಟಿಯ ದಪ್ಪದ ಮೂರರಷ್ಟಕ್ಕಿಂತ ಚೂರು ಹೆಚ್ಚು ಸೇರಿಸಬೇಕು: ಅರ್ಧ ಇಂಚು ದಪ್ಪಕ್ಕೆ ಒಂದೂವರೆ ಇಂಚಿನ ಮೇಲೆ ಚೂರು. ಅದರಲ್ಲಿ ಬಿಗಿಗೆಂದು ಮುಕ್ಕಾಲು ಇಂಚು ಕಳೆಯಬೇಕು. ಬೆಸುಗೆಗೆ ಒಂದರ ಮೇಲೊಂದು ಕೂರುವ ತುದಿಗಳ ಅಳತೆ ಬೇರೆ. ಹೊಸಬರು ಎಡವುವುದು ಬಾಗಿನ ಲೆಕ್ಕದಲ್ಲೇ. ಹಳಿ ಕೆಂಪಗೆ ಕಾದರೂ ಗಾಲಿಗೆ ಇಳಿಯದೆ ನಿಂತಾಗಲೇ ಅದು ಗೊತ್ತಾಗುವುದು.

ಬೆಸುಗೆಗೆ ಕುಲುಮೆಯಲ್ಲಿ ತುದಿಗಳು ಬೆಳ್ಳಗೆ ಕಾಯಬೇಕು. ಮೇಲೆ ಬಿಳಿಗಾರದ ಪುಡಿ ಉದುರಿಸಿ, ಅಡಿಗಲ್ಲಿಗೆ ತಂದು, ಕಾವು ಆರುವ ಮೊದಲೇ ಸಮ್ಮಟಿಗೆಯ ಏಟು. ಈ ಹೊತ್ತಿಗೆ ಕುಲುಮೆಗೆ ಗಾಳಿ ಊದುವ ತಿದಿ ಒತ್ತುವವರ ಕೈ ತಡವರಿಸಿದರೆ ಬೆಸುಗೆ ಹಿಡಿಯುವುದಿಲ್ಲ. ತಿದಿ ಹತ್ತಿರ ಕೂರುತ್ತಿದ್ದವಳು ಹೆಚ್ಚಾಗಿ ಮನೆಯೊಡತಿ. ಉರಿಯ ಬಣ್ಣ ನೋಡಿ, ಯಾರೂ ಹೇಳದೆ, ಗಾಳಿ ಏರಿಸುವುದು ಇಳಿಸುವುದು ಅವಳ ಕೆಲಸ. ಕಸುಬಿನ ಬಗ್ಗೆ ಬರೆಯುವವರು ಕಮ್ಮಾರನ ತೋಳನ್ನೇ ಹೊಗಳುತ್ತಾರೆ; ಕಾವಿನ ಅರ್ಧ ವಿದ್ಯೆ ಇದ್ದದ್ದು ಈಕೆಯ ಕಣ್ಣಲ್ಲಿ.

ಏರಿಸುವ ದಿನ ಬೆಳಗ್ಗೆಯೇ ಹಳಿಯನ್ನು ನೆಲದ ಮೇಲೆ ಮಲಗಿಸಿ ಸುತ್ತ ಬೆರಣಿ, ಸೌದೆ ಒಟ್ಟಿ ಬೆಂಕಿ ಹಾಕುತ್ತಾರೆ. ಎರಡಿಂಚು ಅಗಲ, ಅರ್ಧ ಇಂಚು ದಪ್ಪದ ಹಳಿ ಸುಮಾರು 24 ಕಿಲೋ ತೂಗುತ್ತದೆ. 500 ಡಿಗ್ರಿಯಷ್ಟು ಬಿಸಿ ಏರಿದರೆ ಅದರ ಸುತ್ತಳತೆ ಒಂದಿಂಚಿಗಿಂತ ಚೂರು ಹೆಚ್ಚು ಹಿಗ್ಗುತ್ತದೆ. ಬಿಗಿಗೆ ಬಿಟ್ಟ ಮುಕ್ಕಾಲು ಇಂಚು ಕಳೆದು ಇಳಿಸಲು ಸಿಗುವ ಜಾಗ ಅಷ್ಟೇ. ನಾಲ್ಕು ಜನ ಉದ್ದ ಇಕ್ಕಳದಲ್ಲಿ ಹಳಿ ಎತ್ತಿ ಗಾಲಿಯ ಮೇಲೆ ಇಳಿಸಬೇಕು, ಇಬ್ಬರು ಸುತ್ತಿಗೆಯಲ್ಲಿ ಸುತ್ತಲೂ ಸಮನಾಗಿ ತಟ್ಟಬೇಕು, ಉಳಿದವರು ಕೊಡದಲ್ಲಿ ನೀರು ಹಿಡಿದು ನಿಂತಿರಬೇಕು. ಮರ ಹೊತ್ತಿಕೊಳ್ಳುವ ಮೊದಲು ನೀರು ಬೀಳಲೇಬೇಕು, ಹಾಗಂತ ಒಂದೇ ಕಡೆ ಸುರಿದರೆ ಹಳಿ ಓರೆಯಾಗಿ ಕೂರುತ್ತದೆ. ಹಬೆಯ ನಡುವೆ ಅರಗಳು ಚಟಚಟ ಎನ್ನುತ್ತ ಗುಂಬಕ್ಕೆ ಸೇರುವ ಸದ್ದು ಕೇಳಿದರೆ ಗಾಲಿ ಆಯಿತು ಎಂದರ್ಥ.

ಅಷ್ಟು ಜನಕ್ಕೆ ಕೂಲಿ ಕೊಡುವವರು ಯಾರು? ಯಾರೂ ಇಲ್ಲ, ಎಲ್ಲ ಮುಯ್ಯಿ. ಇವತ್ತು ಪಕ್ಕದೂರಿನ ಬಡಿಗ ಬಂದು ಇಕ್ಕಳ ಹಿಡಿದರೆ, ನಾಳೆ ಅವನ ಹಳಿಗೆ ಇವನು. ಅಮಾವಾಸ್ಯೆಗೆ ಕಸುಬು ನಿಲ್ಲಿಸಿ ಹತಾರ ಪೂಜೆ ಮಾಡುವ ಕಡೆ, ಯಾರ ಮನೆಗೆ ಯಾವಾಗ ಹೋಗಬೇಕೆಂಬ ಮಾತುಕತೆಗೂ ಆ ದಿನವೇ ಅನುಕೂಲ.

ಊರಿನೊಂದಿಗಿನ ಲೆಕ್ಕ ಇನ್ನೊಂದು ಬಗೆ. ನೇಗಿಲು, ಕುಂಟೆ, ಕೂರಿಗೆ ರಿಪೇರಿಗೆ, ಕುಳದ ಮೊನೆ ತಟ್ಟುವುದಕ್ಕೆ ದುಡ್ಡು ಕೇಳುವಂತಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಆಯ, ಅಂದರೆ ರಾಶಿಯಲ್ಲಿ ಪಾಲು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ರಾಶಿ ಮನೆಗೆ ಹೋಗುವ ಮೊದಲೇ ಕಣದಲ್ಲಿ ಕಸುಬುದಾರರಿಗೆ ಪಾಲು ತೆಗೆಯುವುದನ್ನು ಬರೆದಿಟ್ಟಿದ್ದಾನೆ. ಹೊಸ ಗಾಡಿಗೆ, ಹೊಸ ಬಾಗಿಲಿಗೆ ಬೇರೆ ದುಡ್ಡು. ಚಟ್ಟಕ್ಕೆ ಮಾತ್ರ ಆಯವೂ ಇಲ್ಲ, ದುಡ್ಡೂ ಇಲ್ಲ. ಸಾವಿನ ಸುದ್ದಿ ಬಂದರೆ ಕೈಯಲ್ಲಿದ್ದ ಉಳಿ ಕೆಳಗಿಟ್ಟು ಎರಡು ಬಿದಿರು ಹುಡುಕಬೇಕು. ತೇರಿನ ದಿನ ಗಾಲಿಗೆ ಮರದ ಅಡೆ ಕೊಟ್ಟು ತೇರು ತಿರುಗಿಸುವುದೂ ಹಾಗೇ; ಅಲ್ಲಿ ಕೈ ಜಾರಿದರೆ ಹೋಗುವುದು ಅಡೆ ಕೊಡುವವನ ಕಾಲೇ.

ಇದನ್ನೆಲ್ಲ ಸ್ವರ್ಗ ಅಂತ ಬಣ್ಣಿಸುವವರ ಮಾತು ಒಪ್ಪಲಾಗದು. ಮಳೆ ಕೈಕೊಟ್ಟ ವರ್ಷ ಕಣದಲ್ಲಿ ಕೊಡುವ ಮೊರ ಚಿಕ್ಕದಾಗುತ್ತಿತ್ತು, ಕೆಲಸ ಚಿಕ್ಕದಾಗುತ್ತಿರಲಿಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿಯಿಂದ ತೆಗೆದುಹಾಕಿತು. ಆದರೆ ಬಡಿಗನ ಆಯವನ್ನು ನಿಜವಾಗಿ ಮುಗಿಸಿದ್ದು ರಬ್ಬರ್ ಟೈರಿನ ಗಾಡಿ, ಆಮೇಲೆ ಟ್ರ್ಯಾಕ್ಟರ್.

2023ರ ಸೆಪ್ಟೆಂಬರಲ್ಲಿ ಶುರುವಾದ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗ, ಕಮ್ಮಾರ ಇಬ್ಬರೂ ಇದ್ದಾರೆ. ಹತಾರಕ್ಕೆ 15,000 ರೂಪಾಯಿಯವರೆಗೆ ನೆರವು, ಶೇ. 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ. ಆದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ, ಅದಕ್ಕೆ ಒಂದೇ ನೋಂದಣಿ. ತಿದಿ ಒತ್ತುವವಳ ಹೆಸರು ಇಲ್ಲೂ ಪಟ್ಟಿಯಿಂದ ಹೊರಗೆ.

ಮರದ ಗಾಲಿಯ ಗಾಡಿ ಇನ್ನೂ ಇಟ್ಟುಕೊಂಡವರು ಬೇಸಿಗೆಯಲ್ಲಿ ಹಳಿಯನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ಗಂಟೆಯಂತೆ ದನಿ ಬಂದರೆ ಬಿಗಿ ಇದೆ, ಮಂಕು ದನಿ ಬಂದರೆ ಮರ ಕುಗ್ಗಿದೆ. ಗಾಡಿಯನ್ನು ರಾತ್ರಿಯಿಡೀ ನೀರಿನಲ್ಲಿ ನಿಲ್ಲಿಸಿ, ನಡುವೆ ಒಮ್ಮೆ ಗಾಲಿ ಅರ್ಧ ಸುತ್ತು ತಿರುಗಿಸಿ. ಸಡಿಲಾದ ಕಡೆ ಬೆಣೆ ಹೊಡೆದರೆ ಆ ತಿಂಗಳಿಗಷ್ಟೇ ಆದೀತು. ಅದಕ್ಕೂ ಬಗ್ಗದಿದ್ದರೆ ಹಳಿ ಬಿಚ್ಚಿ, ಒಂದಷ್ಟು ಕತ್ತರಿಸಿ, ಮತ್ತೆ ಬೆಸೆದು ಏರಿಸಬೇಕು. ಅದಕ್ಕೆ ಮೊದಲು ಇಕ್ಕಳ ಹಿಡಿಯಲು ನಾಲ್ಕು ಜನ ಸಿಗುತ್ತಾರಾ ವಿಚಾರಿಸಿಕೊಳ್ಳಿ.