ಉಗುರಿನಷ್ಟು ಆಯಸ್ಕಾಂತ

ಇವತ್ತು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ಗೆಳೆಯನ ವರ್ಕ್‌ಶಾಪಿಗೆ ಹೋಗಿದ್ದೆ. ಮೇಜಿನ ಮೇಲೆ ಡ್ರೋನ್ ಮೋಟಾರ್ ಒಂದನ್ನು ಬಿಚ್ಚಿಟ್ಟಿದ್ದ. ಬಾಟಲಿ ಮುಚ್ಚಳಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಒಳಗೆ ತಾಮ್ರದ ತಂತಿ, ಸುತ್ತಲೂ ಉಗುರಿನಷ್ಟು ಆಯಸ್ಕಾಂತಗಳು. ಸ್ಕ್ರೂಡ್ರೈವರ್ ಹತ್ತಿರ ತಂದರೆ ಟಕ್ ಅಂತ ಅಂಟಿಕೊಳ್ಳುತ್ತದೆ.

"ವೈಂಡಿಂಗ್ ನಾವೇ ಮಾಡಬಹುದು ಕಣೋ, ಈ ಮ್ಯಾಗ್ನೆಟ್‌ಗೆ ಎಲ್ಲಿಗೆ ಹೋಗೋದು?" ಅಂದ. ಅದು ನಿಯೋಡಿಮಿಯಂ ಅನ್ನೋ ಲೋಹ ಸೇರಿಸಿ ಮಾಡಿದ, ತುಂಬಾ ಬಲವಾದ ಆಯಸ್ಕಾಂತ. ಪ್ರಪಂಚದ ಬಹುಪಾಲು ತಯಾರಾಗುವುದು ಚೀನಾದಲ್ಲಿ. 2022ರಲ್ಲಿ ನಮ್ಮ ಸರ್ಕಾರ ಸಿದ್ಧ ಡ್ರೋನ್‌ಗಳ ಆಮದಿಗೆ ಕಡಿವಾಣ ಹಾಕಿತು. ಬಿಡಿಭಾಗಗಳಿಗೆ ಬಾಗಿಲು ತೆರೆದೇ ಇತ್ತು.

ಉಕ್ರೇನ್ 2024ರ ಒಂದೇ ವರ್ಷದಲ್ಲಿ 10 ಲಕ್ಷಕ್ಕೂ ಜಾಸ್ತಿ ಡ್ರೋನ್ ಮಾಡಿತು. ಯುದ್ಧದಲ್ಲಿ ಅವು ಗುಂಡಿನ ಹಾಗೆ ಖರ್ಚಾಗುತ್ತವೆ. ಹೋದದ್ದು ಎಷ್ಟೋ ಸಲ ವಾಪಸ್ ಬರುವುದೇ ಇಲ್ಲ. ನಾಳೆ ನಮಗೂ ಅಂಥ ಹೊತ್ತು ಬಂದರೆ ಇಂಥ ಸಣ್ಣ ಶೆಡ್‌ಗಳೂ ಹಗಲು ರಾತ್ರಿ ದುಡಿಯಬೇಕಾಗುತ್ತದೆ, ಅಲ್ವಾ? ಆದರೆ ಕೈ ಪಳಗಿದ ಹುಡುಗರು ಒಂದೇ ವಾರದಲ್ಲಿ ತಯಾರಾಗುವುದಿಲ್ಲ. ಶಾಂತಿ ಇರುವಾಗಲೇ ಇವರಿಗೆ ಸಣ್ಣದಾದರೂ ಆರ್ಡರ್ ಸಿಗುತ್ತಿರಬೇಕು ಅನ್ನಿಸುತ್ತದೆ.

ಹೊರಡುವಾಗ ಒಡೆದ ಆಯಸ್ಕಾಂತದ ಚೂರೊಂದನ್ನು ಕೊಟ್ಟ. ಮನೆಗೆ ಬಂದು ನೋಡಿದರೆ ಜೇಬಿನಲ್ಲಿ ಬೀಗದ ಕೈ ಗೊಂಚಲನ್ನೇ ಕಚ್ಚಿಕೊಂಡಿತ್ತು.