ಮತವೇ ಇಲ್ಲದ ಬಜೆಟ್ ಚರ್ಚೆ: ನನ್ನ ತರಗತಿ ನನಗೆ ಕಲಿಸಿದ್ದು

ನಾನು ವಿಜಯಪುರ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಪ್ರತಿ ವರ್ಷ ಮಾರ್ಚ್ ಬಂತೆಂದರೆ ಬಿ.ಎ. ಮಕ್ಕಳಿಂದ ಒಂದು ಅಣಕು ಅಧಿವೇಶನ ಮಾಡಿಸುತ್ತೇನೆ. ವಿಷಯ, 1902ರ ಬ್ರಿಟಿಷ್ ಇಂಡಿಯಾ ಸರ್ಕಾರದ ಬಜೆಟ್. ಸ್ಥಳ ಕಲ್ಕತ್ತ, ವೈಸ್‌ರಾಯ್ ಅವರ ಶಾಸನ ಸಭೆ. ಅಧ್ಯಕ್ಷ ಪೀಠದಲ್ಲಿ ವೈಸ್‌ರಾಯ್ ಕರ್ಜನ್. ಲೆಕ್ಕ ಮಂಡಿಸಿದವರು ಹಣಕಾಸು ಸದಸ್ಯ ಎಡ್ವರ್ಡ್ ಲಾ. ಎದುರಿಗೆ ಮುಂಬೈ ಪ್ರಾಂತ್ಯದಿಂದ ಹೊಸದಾಗಿ ಬಂದಿದ್ದ 35 ವರ್ಷದ ಗೋಪಾಲಕೃಷ್ಣ ಗೋಖಲೆ.

ನಮ್ಮ ವಿಜಯಪುರ, ಬೆಳಗಾವಿ, ಧಾರವಾಡ, ಕಾರವಾರ ಎಲ್ಲ ಆಗ ಮುಂಬೈ ಪ್ರಾಂತ್ಯದಲ್ಲೇ ಇದ್ದವು. ಹಾಗಾಗಿ ಅವತ್ತು ಆ ಸಭೆಯಲ್ಲಿ ನಮ್ಮ ಕಡೆಯ ರೈತನ ಪರವಾಗಿಯೂ ಮಾತಾಡಬಹುದಾಗಿದ್ದವರು ಗೋಖಲೆಯೇ. ಮಕ್ಕಳಿಗೆ ಇದನ್ನು ಮೊದಲೇ ಹೇಳುತ್ತೇನೆ. ದೂರದ ಕಲ್ಕತ್ತ ಸ್ವಲ್ಪ ಹತ್ತಿರ ಬರುತ್ತದೆ.

ಮೊದಲ ವರ್ಷ ಈ ಕಲಾಪ ತುಂಬಾ ಚೆನ್ನಾಗಿ ನಡೆಯಿತು ಅಂದುಕೊಂಡಿದ್ದೆ. ನಿಯಮಗಳ ಹಾಳೆಯನ್ನು ನಾನೇ ಟೈಪ್ ಮಾಡಿದ್ದೆ. ಇವತ್ತಿನ ವಿಧಾನಸಭೆಯಲ್ಲಿ ನಡೆಯುವ ಹಾಗೆ ಇಲಾಖಾವಾರು ಅನುದಾನದ ಬೇಡಿಕೆ, ಅದನ್ನು ಕಡಿಮೆ ಮಾಡಿ ಅನ್ನೋ ಕಡಿತ ಸೂಚನೆ, ಕೊನೆಗೆ ಕೈ ಎತ್ತಿ ಮತ. ಮಕ್ಕಳು ಬೆಂಚು ಕುಟ್ಟಿ ವಾದ ಮಾಡಿದರು. ಉಪ್ಪಿನ ತೆರಿಗೆ ವಿರುದ್ಧ ಮತ ಬಿತ್ತು. ಸರ್ಕಾರ ಸೋತಿತು. ಜೋರಾಗಿ ಚಪ್ಪಾಳೆ.

ಮರುದಿನ ಒಬ್ಬ ಹುಡುಗಿ ಸ್ಟಾಫ್ ರೂಮಿಗೆ ಬಂದಳು. "ಸರ್, ನಿಜವಾಗ್ಲೂ ಆ ದಿನ ಗೋಖಲೆಯವರಿಗೆ ಎಷ್ಟು ಓಟ್ ಬಿದ್ದಿದ್ವು ರಿ?" ಅಂದಳು.

ಒಂದು ಓಟೂ ಇಲ್ಲ. ಯಾಕಂದರೆ ಮತವೇ ಇರಲಿಲ್ಲ.

ನನಗೆ ಇದು ಗೊತ್ತಿತ್ತು. ಆ ಸಭೆಯ ಅಧಿಕಾರ ಎಷ್ಟು ಅಂತ ಹೇಳುವ 1861ರ ಇಂಡಿಯನ್ ಕೌನ್ಸಿಲ್ಸ್ ಕಾಯ್ದೆಯಲ್ಲಿ ಬಜೆಟ್ ಬಗ್ಗೆ ಮಾತಾಡಲು ಅವಕಾಶವೇ ಇರಲಿಲ್ಲ. ಹೊಸ ತೆರಿಗೆಯ ಮಸೂದೆ ಬಂದರೆ ಮಾತ್ರ ಆ ನೆಪದಲ್ಲಿ ಲೆಕ್ಕ ಚರ್ಚೆಗೆ ಬರುತ್ತಿತ್ತು. 1892ರ ಕಾಯ್ದೆ ಚರ್ಚೆಗೆ ಬಾಗಿಲು ತೆಗೆಯಿತು, ಆದರೆ ನಿರ್ಣಯ ಮಂಡಿಸುವಂತಿಲ್ಲ, ಮತ ಕೇಳುವಂತಿಲ್ಲ. ಬಜೆಟ್ ಮೇಲೆ ನಿರ್ಣಯ ಮಂಡಿಸಲು 1909ರ ಕಾಯ್ದೆ ಬರಬೇಕಾಯಿತು, ಅದೂ ಸರ್ಕಾರಕ್ಕೆ ಕಡ್ಡಾಯವಲ್ಲ. ಇದನ್ನೆಲ್ಲ ಐದು ಅಂಕದ ಪ್ರಶ್ನೆ ಅಂತ ನಾನೇ ನೋಟ್ಸ್ ಬರೆಸಿದ್ದೆ. ಆದರೂ ಕಲಾಪ ಮಾಡಿಸುವಾಗ ಆ ನಿಯಮವನ್ನು ಒಳಗೆ ತರಲಿಲ್ಲ. ನೋಟ್ಸ್ ಬೇರೆ, ಆಟ ಬೇರೆ ಅನ್ನೋ ಹಾಗೆ ಇಟ್ಟಿದ್ದೆ. ಇದರಿಂದ ಮಕ್ಕಳ ತಲೆಯಲ್ಲಿ ಆ ಕಾಲದ ಬಗ್ಗೆ ಒಂದು ಸುಳ್ಳು ಚಿತ್ರ ಕೂತಿತು. ವಸಾಹತು ಸರ್ಕಾರವನ್ನು ಮಾತಿನಿಂದ ಸೋಲಿಸಬಹುದಿತ್ತು ಅನ್ನೋ ಚಿತ್ರ ಅದು. ಅವಳು ಕೇಳದಿದ್ದರೆ ನಾನು ವರ್ಷ ವರ್ಷ ಅದನ್ನೇ ಕಲಿಸುತ್ತಿದ್ದೆ.

ಮುಂದಿನ ವರ್ಷ ಹಾಳೆ ಬದಲಾಯಿಸಿದೆ. ಮತ ಇಲ್ಲ. ಒಬ್ಬರಿಗೆ ಒಂದೇ ಭಾಷಣ. ಮಧ್ಯೆ ಬಾಯಿ ಹಾಕುವಂತಿಲ್ಲ. ಹಣಕಾಸು ಸದಸ್ಯ, ವೈಸ್‌ರಾಯ್ ಕೊನೆಗೆ ಮಾತಾಡುತ್ತಾರೆ, ಅದಕ್ಕೆ ಉತ್ತರ ಕೊಡುವಂತಿಲ್ಲ. ಇನ್ನೊಂದು ನಿಯಮ ನನ್ನದೇ: ವಾದಕ್ಕೆ ಬಳಸುವ ಅಂಕಿ ಸರ್ಕಾರದ ಲೆಕ್ಕದಿಂದಲೇ ಬಂದಿರಬೇಕು.

ತರಗತಿಯಲ್ಲಿ ಸಿಟ್ಟು ಬಂತು. "ಓಟ್ ಇಲ್ಲಂದ್ರ ಮಾತಾಡೋದು ಯಾಕ್ರಿ ಸರ್?" ಅಂತ ಹಿಂದಿನ ಬೆಂಚಿನಿಂದ ಕೇಳಿದರು. ನಾನು ತಕ್ಷಣ ಉತ್ತರ ಕೊಡಲಿಲ್ಲ. ಗೋಖಲೆಯೂ ಅದೇ ಪ್ರಶ್ನೆ ಎದುರಿಸಿರಬೇಕಲ್ವಾ, ಅವರು ಏನು ಮಾಡಿದರು ನೋಡೋಣ ಅಂದೆ.

ಅವರು ಮಾಡಿದ ಮೊದಲ ಕೆಲಸ, ಅಭಿನಂದನೆ ಹೇಳದೆ ಇದ್ದದ್ದು. ಆ ವರ್ಷ ಬಜೆಟ್‌ನಲ್ಲಿ ಸುಮಾರು ಏಳು ಕೋಟಿ ರೂಪಾಯಿ ಉಳಿತಾಯ ಬಂದಿತ್ತು. ಉಳಿದವರೆಲ್ಲ ಹಣಕಾಸು ಸದಸ್ಯರನ್ನು ಹೊಗಳಿದ್ದರು. ಗೋಖಲೆ ಎದ್ದು, ಆ ಅಭಿನಂದನೆಯಲ್ಲಿ ಪಾಲುಗೊಳ್ಳಲು ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂದೇ ಶುರು ಮಾಡಿದರು. 1896–97ರಲ್ಲಿ ಬರ, 1899–1900ರಲ್ಲಿ ಮತ್ತೆ ಬರ, ನಡುವೆ ಪ್ಲೇಗು. ಜನ ಇಷ್ಟು ಕಷ್ಟದಲ್ಲಿದ್ದಾಗ ಖಜಾನೆ ಮಾತ್ರ ವರ್ಷ ವರ್ಷ ತುಂಬುತ್ತಿದೆ ಅಂದರೆ, ದೇಶದ ಸ್ಥಿತಿಗೂ ಖಜಾನೆಯ ಸ್ಥಿತಿಗೂ ಸಂಬಂಧವೇ ಇಲ್ಲ ಎಂದಾಯಿತು. ಇದು ಅವರ ವಾದದ ಬೇರು.

ಆದರೆ ದುಡ್ಡು ಬಂದದ್ದು ಎಲ್ಲಿಂದ? ಇಲ್ಲಿ ನಾನು ಕೈಚೆಲ್ಲಿದೆ. ವಾಣಿಜ್ಯ ವಿಭಾಗದ ಮೇಡಂ ಒಬ್ಬರನ್ನು ತರಗತಿಗೆ ಕರೆದೆ. ಅವರು ಹಲಗೆ ಮೇಲೆ ಮೂರೇ ಸಾಲು ಬರೆದರು. ಒಂದು ಪೌಂಡಿಗೆ 240 ಪೆನ್ಸ್. ರೂಪಾಯಿ ಬೆಲೆ 13 ಪೆನ್ಸ್ ಇದ್ದರೆ ಒಂದು ಪೌಂಡಿಗೆ ಹದಿನೆಂಟೂವರೆ ರೂಪಾಯಿ ಕೊಡಬೇಕು. 16 ಪೆನ್ಸ್ ಆದರೆ 15 ರೂಪಾಯಿ ಸಾಕು. ಪೌಂಡಿಗೆ ಮೂರೂವರೆ ರೂಪಾಯಿ ಉಳಿಯಿತು.

1890ರ ದಶಕದ ನಡುವೆ ರೂಪಾಯಿ 13 ಪೆನ್ಸ್ ಹತ್ತಿರಕ್ಕೆ ಕುಸಿದಿತ್ತು. 1893ರಲ್ಲಿ ಸರ್ಕಾರ ಟಂಕಸಾಲೆಗಳಲ್ಲಿ ಜನರ ಬೆಳ್ಳಿಗೆ ನಾಣ್ಯ ಹೊಡೆದು ಕೊಡುವುದನ್ನು ನಿಲ್ಲಿಸಿತ್ತು. ಹೊಸ ರೂಪಾಯಿ ಬರುವುದು ಕಡಿಮೆಯಾದ್ದರಿಂದ ನಿಧಾನಕ್ಕೆ ಅದರ ಬೆಲೆ ಏರಿ 16 ಪೆನ್ಸ್‌ಗೆ ಬಂದು ನಿಂತಿತು. ಭಾರತ ಸರ್ಕಾರ ಪ್ರತಿ ವರ್ಷ ಲಂಡನ್ನಿನಲ್ಲಿ ಪಿಂಚಣಿ, ಸಾಲದ ಬಡ್ಡಿ, ರೈಲ್ವೆಯ ಬಡ್ಡಿ, ಸೈನ್ಯದ ಸಾಮಾನು ಅಂತ ಒಂದೂವರೆ ಕೋಟಿ ಪೌಂಡಿಗೂ ಜಾಸ್ತಿ ಕೊಡುತ್ತಿತ್ತು. ಪೌಂಡಿಗೆ ಮೂರೂವರೆ ರೂಪಾಯಿ ಅಂದರೆ ಎಷ್ಟಾಯಿತು? ಮಕ್ಕಳೇ ಗುಣಿಸಿದರು. ಐದು ಕೋಟಿ ದಾಟಿತು. ಒಬ್ಬ ಹುಡುಗ ಎದ್ದು ನಿಂತೇ ಬಿಟ್ಟ: "ಅಂದ್ರ ಉಳಿತಾಯ ಬೆಳಿಯಿಂದ ಬಂದಿದ್ದಲ್ಲ!"

ಹೌದು, ಅಷ್ಟೇ. ರೂಪಾಯಿ ಬಿದ್ದಾಗ ಕೊರತೆ ತುಂಬಲು ತೆರಿಗೆ ಹೆಚ್ಚಿಸಿದ್ದರು. ರೂಪಾಯಿ ಎದ್ದ ಮೇಲೂ ತೆರಿಗೆ ಇಳಿಸಲಿಲ್ಲ. 1888ರಲ್ಲಿ ಮಣ ಉಪ್ಪಿಗೆ ಎರಡು ರೂಪಾಯಿ ಇದ್ದ ತೆರಿಗೆ ಎರಡೂವರೆ ಆಗಿತ್ತು. ರೂಪಾಯಿ ಕುಸಿತ ಅದಕ್ಕೆ ಒಂದು ಕಾರಣ, ಬರ್ಮಾದ ಖರ್ಚು ಇನ್ನೊಂದು. ಮಣಕ್ಕೆ 40 ಸೇರು, ಎರಡೂವರೆ ರೂಪಾಯಿಗೆ 40 ಆಣೆ. ಅಂದರೆ ಸೇರು ಉಪ್ಪಿಗೆ ಒಂದು ಆಣೆ ತೆರಿಗೆ. ಇದನ್ನು ಹಲಗೆ ಮೇಲೆ ಬರೆದಾಗ ತರಗತಿ ಸುಮ್ಮನಾಯಿತು. ಕೋಟಿಗಳ ಲೆಕ್ಕ ಕಿವಿಯ ಪಕ್ಕದಲ್ಲಿ ಹಾದು ಹೋಗುತ್ತದೆ. ಸೇರಿನ ಲೆಕ್ಕ ಹಾಗಲ್ಲ, ನಮ್ಮ ಕಡೆ ಇನ್ನೂ ಎಷ್ಟೋ ಮನೆಯಲ್ಲಿ ಸೇರು ಇದೆ.

ಗೋಖಲೆಯ ಶಕ್ತಿ ಇದರಲ್ಲೇ ಇತ್ತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿದವರು, ಅಂಕಗಣಿತದ ಪಠ್ಯಪುಸ್ತಕ ಬರೆದವರು. ಆ ಭಾಷಣದ ಅಂಕಿಗಳನ್ನು ಜೋಡಿಸಲು ಗಣೇಶ ವೆಂಕಟೇಶ ಜೋಶಿ ಎಂಬ ಶಾಲಾ ಶಿಕ್ಷಕರು ನೆರವಾಗಿದ್ದರು. ಇಬ್ಬರು ಮೇಷ್ಟ್ರುಗಳು ಕೂತು ಸರ್ಕಾರದ ಲೆಕ್ಕದ ಪುಸ್ತಕದಿಂದಲೇ ಸರ್ಕಾರಕ್ಕೆ ಪ್ರಶ್ನೆ ಹಾಕಿದರು. ಮತದಿಂದ ಸೋಲಿಸಲು ಆಗದವರನ್ನು ಅವರದೇ ಅಂಕಿ ತೋರಿಸಿ ನಿಲ್ಲಿಸುವುದು, ಅದನ್ನು ಪತ್ರಿಕೆಗಳ ಮೂಲಕ ಊರೂರಿಗೆ ಮುಟ್ಟಿಸುವುದು. ಹಿಂದಿನ ಬೆಂಚಿನ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು. 1903ರಲ್ಲಿ ಉಪ್ಪಿನ ತೆರಿಗೆ ಎರಡು ರೂಪಾಯಿಗೆ ಇಳಿಯಿತು, 1905ರಲ್ಲಿ ಒಂದೂವರೆ, 1907ರಲ್ಲಿ ಒಂದು. ಆದಾಯ ತೆರಿಗೆಯ ವಿನಾಯಿತಿ ಮಿತಿ 500ರಿಂದ 1000 ರೂಪಾಯಿಗೆ ಏರಿತು. ಇದೆಲ್ಲ ಒಂದು ಭಾಷಣದಿಂದ ಆಯಿತು ಅಂತ ನಾನು ಹೇಳುವುದಿಲ್ಲ, ಮಕ್ಕಳಿಗೂ ಹಾಗೆ ಹೇಳಲು ಬಿಡುವುದಿಲ್ಲ. ಆದರೆ ಉಳಿತಾಯ ಅಂದರೆ ಹೆಮ್ಮೆಯ ವಿಷಯ ಅನ್ನೋ ಮಾತು ಆಮೇಲೆ ಅಷ್ಟು ಸುಲಭವಾಗಿ ಯಾರ ಬಾಯಿಂದಲೂ ಬರುವಂತಿರಲಿಲ್ಲ.

ಲೋಕೋಪಯೋಗಿ ಕೆಲಸಗಳ ಭಾಗಕ್ಕೆ ನಾನು ಇಡೀ ಒಂದು ವಾರ ಇಡುತ್ತೇನೆ. ನಮ್ಮ ಜಿಲ್ಲೆಯ ಕಥೆ ಇರುವುದು ಅದರಲ್ಲಿ.

ಧಾತು, ಈಶ್ವರ ಸಂವತ್ಸರಗಳ ಬರದ ಹೆಸರು ಕೇಳಿರುತ್ತೀರಿ. 1876ರಿಂದ 78. ನಮ್ಮ ಈ ಭಾಗಕ್ಕೆ ಅದು ಭಾರಿ ಹೊಡೆತ ಕೊಟ್ಟಿತು. ಪರಿಹಾರ ಕಾಮಗಾರಿ ಅಂದರೆ ಖಡಿ ಒಡೆಯುವುದು, ರಸ್ತೆಗೆ ಮಣ್ಣು ಹೊರುವುದು, ಕೆರೆ ತೋಡುವುದು. ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ದಿನದ ಕೂಲಿಯನ್ನು ಒಂದು ಪೌಂಡ್ ಕಾಳು ಮತ್ತು ಒಂದು ಆಣೆಗೆ ಇಳಿಸಿದ. ಒಂದು ಪೌಂಡ್ ಅಂದರೆ ಅರ್ಧ ಕಿಲೋಗೂ ಕಡಿಮೆ. ದಿನವಿಡೀ ಖಡಿ ಒಡೆದವರಿಗೆ ಅಷ್ಟು. ಮುಂಬೈ ಪ್ರಾಂತ್ಯದ ಕೂಲಿಗಳು ಕೆಲಸ ಬಿಟ್ಟು ಹೊರಬಂದರು. ಪುಣೆಯ ‘ಸಾರ್ವಜನಿಕ ಸಭೆ’ ಎಂಬ ಸಂಘ ಅವರ ಪರ ನಿಂತಿತು.

ಆ ಬರದ ನಂತರ ಸರ್ಕಾರ ಬಜೆಟ್‌ನಲ್ಲಿ ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಯ ಬರ ವಿಮೆ ಅನುದಾನ ಇಟ್ಟಿತು. ಅದಕ್ಕಾಗಿ ಹೊಸ ತೆರಿಗೆಯನ್ನೂ ಹಾಕಿತು. ಆಫ್ಘನ್ ಯುದ್ಧ ಬಂದಾಗ ಆ ದುಡ್ಡಿನ ಮೇಲೆ ಕೈ ಬಿತ್ತು. ಬರಕ್ಕೆ ಅಂತ ಎತ್ತಿದ ತೆರಿಗೆ ಬರಕ್ಕೇ ಹೋಗಬೇಕು ಅನ್ನೋ ಜಗಳ ಆಮೇಲೆ ವರ್ಷಗಟ್ಟಲೆ ನಡೆಯಿತು.

ಇನ್ನೊಂದು ವಿಷಯ ಮಕ್ಕಳಿಗೆ ಅರ್ಥ ಮಾಡಿಸಲು ಕಷ್ಟ, ಆದರೆ ಅದೇ ಎಲ್ಲಕ್ಕಿಂತ ಮುಖ್ಯ. ಕಾಲುವೆ ಕೆಲಸಗಳನ್ನು ಸರ್ಕಾರ ಎರಡು ಬಗೆ ಮಾಡಿತ್ತು. ಒಂದು ಲಾಭದ ಕೆಲಸ. ಮುಗಿದು ಹತ್ತು ವರ್ಷದೊಳಗೆ ಸಾಲದ ಬಡ್ಡಿಯಷ್ಟು ಆದಾಯ ಬರಬೇಕು. ಅದಕ್ಕೆ ಸಾಲ ಎತ್ತಬಹುದು. ಇನ್ನೊಂದು ರಕ್ಷಣೆಯ ಕೆಲಸ. ಆದಾಯ ಬರುವುದಿಲ್ಲ, ಆದರೆ ಬರದಿಂದ ಜನರನ್ನು ಉಳಿಸುತ್ತದೆ. ಅದಕ್ಕೆ ಆಯಾ ವರ್ಷದ ವರಮಾನದಲ್ಲೇ ದುಡ್ಡು ಹುಡುಕಬೇಕು. ಪಂಜಾಬಿನ ಕಾಲುವೆಗಳು ಲಾಭದ ಪರೀಕ್ಷೆಯಲ್ಲಿ ಪಾಸಾದವು, ದೊಡ್ಡ ಆದಾಯವನ್ನೂ ತಂದವು. ನಮ್ಮ ಎರೆಭೂಮಿ ಪಾಸಾಗಲಿಲ್ಲ. ಮಳೆ ಚೆನ್ನಾಗಿ ಆದ ವರ್ಷ ಇಲ್ಲಿಯ ರೈತ ಕಾಲುವೆ ನೀರು ಕೊಳ್ಳುವುದಿಲ್ಲ, ಜೋಳಕ್ಕೆ ಹಿಂಗಾರಿ ತೇವವೇ ಸಾಕು. ಮಳೆ ಕೈಕೊಟ್ಟ ವರ್ಷ ಮಾತ್ರ ನೀರು ಬೇಕು. ಹಾಗಾದರೆ ವರ್ಷ ವರ್ಷ ಆದಾಯ ಎಲ್ಲಿಂದ ಬರಬೇಕು?

ನೀರು ಯಾರಿಗೆ ಅತಿ ಹೆಚ್ಚು ಬೇಕಿತ್ತೋ ಅವರೇ ಲೆಕ್ಕದ ಪರೀಕ್ಷೆಯಲ್ಲಿ ಫೇಲ್ ಆದರು. ಯಾವನೋ ಕೆಟ್ಟ ಅಧಿಕಾರಿ ಬೇಕಂತಲೇ ಹೀಗೆ ಮಾಡಿದ ಅಂತಲ್ಲ. ಲೆಕ್ಕದ ವಿಂಗಡಣೆಯೇ ಹಾಗಿತ್ತು.

ಕಾಲುವೆಯ ಬದಲು ನಮಗೆ ರೈಲು ಬಂತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಸೊಲ್ಲಾಪುರದ ಹತ್ತಿರದ ಹೋಟಗಿಯಿಂದ ವಿಜಯಪುರದ ಮೇಲೆ ಗದಗಿಗೆ ಹಳಿ ಹಾಕಿತು. ಬರ ಬಂದಾಗ ಕಾಳು ಸಾಗಿಸಲಿಕ್ಕೆ ಅನ್ನೋದು ಅದರ ಒಂದು ಉದ್ದೇಶ. ಕಾಳು ಬಂತು ನಿಜ. ಆದರೆ ಕೊಳ್ಳಲು ಕೈಯಲ್ಲಿ ದುಡ್ಡು ಬೇಕಿತ್ತಲ್ಲ. ಗೋಖಲೆ ಮುಂದಿನ ವರ್ಷಗಳ ಭಾಷಣಗಳಲ್ಲೂ ಇದೇ ಎಳೆ ಹಿಡಿದರು. ರೈಲ್ವೆ ಕಟ್ಟಲು ಸಾಲ ಎತ್ತಿರಿ, ಆದರೆ ತೆರಿಗೆಯಿಂದ ಉಳಿದ ದುಡ್ಡನ್ನು ಅದಕ್ಕೆ ಸುರಿಯಬೇಡಿ, ಶಾಲೆಗೂ ಊರಿನ ನೈರ್ಮಲ್ಯಕ್ಕೂ ಕೊಡಿ ಅಂತ. 1901ರಿಂದ 1903ರವರೆಗೆ ಕೂತ ನೀರಾವರಿ ಆಯೋಗ ರಕ್ಷಣೆಯ ಕಾಲುವೆಗಳನ್ನೂ ಸೇರಿಸಿ 20 ವರ್ಷಕ್ಕೆ 44 ಕೋಟಿ ರೂಪಾಯಿಯ ಕೆಲಸ ಸೂಚಿಸಿತು. ನಮ್ಮ ಜಿಲ್ಲೆಯ ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಆಲಮಟ್ಟಿ ಪಕ್ಕದ ನಿಡಗುಂದಿ ಕಡೆಯ ಮಕ್ಕಳು ತರಗತಿಯಲ್ಲಿ ಯಾವಾಗಲೂ ಇರುತ್ತಾರೆ. 1903, 1964 ಅಂತ ಎರಡು ವರ್ಷಗಳನ್ನು ಪಕ್ಕಪಕ್ಕದಲ್ಲಿ ಬರೆದರೆ ಸಾಕು, ಮಿಕ್ಕದ್ದನ್ನು ಅವರೇ ಮಾತಾಡುತ್ತಾರೆ.

ಕೆಲಸದಲ್ಲಿ ನಾನು ಬದಲಾಯಿಸಿಕೊಂಡ ಇನ್ನೊಂದು ವಿಷಯ ಹೇಳಬೇಕು. ಮೊದಲೆಲ್ಲ ಚೆನ್ನಾಗಿ ಮಾತಾಡುವ ಮಕ್ಕಳಿಗೆ ಗೋಖಲೆ ಪಾತ್ರ ಕೊಡುತ್ತಿದ್ದೆ. ಉಳಿದವರಿಗೆ ಸರ್ಕಾರದ ಪಾತ್ರ. ಈಗ ತಿರುಗಿಸಿದ್ದೇನೆ. ಚುರುಕಾದವರಿಗೆ ಹಣಕಾಸು ಸದಸ್ಯನ ಪಾತ್ರ. ಯಾಕಂದರೆ ಆ ಕಡೆಯೂ ವಾದ ಇತ್ತು. ರೂಪಾಯಿ ಮತ್ತೆ ಕುಸಿದರೆ? ಮತ್ತೊಂದು ಬರ ಬಂದರೆ? ಗಡಿಯಲ್ಲಿ ಯುದ್ಧ ಬಂದರೆ? ಕೈಯಲ್ಲಿ ಒಂದಿಷ್ಟು ಇಟ್ಟುಕೊಳ್ಳಬೇಡವೇ? ಇದು ಸುಳ್ಳು ಭಯವಲ್ಲ, ಇಪ್ಪತ್ತು ವರ್ಷ ರೂಪಾಯಿ ಬಿದ್ದದ್ದನ್ನು ನೋಡಿದವರ ಭಯ. ಎದುರಾಳಿ ಗಟ್ಟಿಯಾಗಿ ನಿಂತಾಗಲೇ ಗೋಖಲೆಯ ಲೆಕ್ಕದ ತೂಕ ಗೊತ್ತಾಗುತ್ತದೆ. ಹೋದ ವರ್ಷ ಹಣಕಾಸು ಸದಸ್ಯೆಯಾಗಿದ್ದ ಹುಡುಗಿ ಈ ವಾದವನ್ನು ಎಷ್ಟು ಚೆನ್ನಾಗಿ ಹೇಳಿದಳೆಂದರೆ, ಅರ್ಧ ತರಗತಿ ಅವಳ ಕಡೆ ವಾಲಿತು. ಆಗ ಗೋಖಲೆ ಕಡೆಯ ಒಬ್ಬ ಹುಡುಗ ತನ್ನ ಹಾಳೆ ತೆಗೆದು, "ಮಾನ್ಯರೇ, ಕಾಪಿಡುವ ದುಡ್ಡು ಸೇರಿಗೆ ಒಂದು ಆಣೆಯಂತೆ ಯಾರ ಮನೆಯಿಂದ ಬಂತು?" ಅಂತ ಕೇಳಿದ. ನಿಯಮದ ಪ್ರಕಾರ ಅವನು ಮಾತಾಡುವಂತಿರಲಿಲ್ಲ, ಅವನ ಸರದಿ ಮುಗಿದಿತ್ತು. ನಾನು ವೈಸ್‌ರಾಯ್ ಕುರ್ಚಿಯಿಂದ ಅವನನ್ನು ಕೂರಿಸಿದೆ. ಅವನು ಕೂತ, ಆದರೆ ಹಾಳೆ ಮಡಚಲಿಲ್ಲ.

ಈ ವರ್ಷದ ಕಲಾಪಕ್ಕೆ ತಯಾರಿ ಶುರುವಾಗಿದೆ. ಇಂಡಿ ಕಡೆಯ ಇಬ್ಬರು ನೀರಾವರಿ ಭಾಗ ತಮಗೇ ಬೇಕು ಅಂತ ಹೆಸರು ಬರೆಸಿದ್ದಾರೆ. ಹಳೇ ಪ್ರಾಂತ್ಯದ ದೊಡ್ಡ ನಕ್ಷೆಯೊಂದು ಗೋಡೆಗೆ ಬೇಕಾಗಿದೆ, ಅದನ್ನು ಹುಡುಕುತ್ತಿದ್ದೇನೆ.